ಮ್ಯಾರಥಾನ್ ಬಾಗಿಲಿನಲ್ಲಿ ನಿಂತು ನೋಡಿದ ಮೂರು ಚಿತ್ರಗಳು

ಲೆನಿ ರೀಫೆನ್‌ಸ್ತಾಲ್‌ಳ ‘ಒಲಿಂಪಿಯಾ’ವನ್ನು ನಮ್ಮ ವಿಭಾಗದಲ್ಲಿ ತೋರಿಸಿದಾಗಲೆಲ್ಲ ಚರ್ಚೆ ಒಂದೇ ಕಡೆ ಹೋಗಿ ನಿಲ್ಲುತ್ತದೆ. ಒಬ್ಬರು ‘ಇದು ನಾಜಿ ಪ್ರಚಾರ’ ಎನ್ನುತ್ತಾರೆ. ಇನ್ನೊಬ್ಬರು ‘ಇರಬಹುದು, ಆದರೆ ಕ್ಯಾಮೆರಾ ಕೆಲಸ ನೋಡಿ’ ಎನ್ನುತ್ತಾರೆ. ಕೊನೆಗೆ ‘ವಸ್ತು ಕೆಟ್ಟದ್ದು, ರೂಪ ಅದ್ಭುತ’ ಎಂಬ ರಾಜಿಗೆ ಎಲ್ಲರೂ ಸಹಿ ಹಾಕಿ ಚಹಾ ಕುಡಿಯಲು ಹೊರಡುತ್ತೇವೆ. ನಾನೂ ಎರಡು ಸಲ ಹಾಗೆ ಸಹಿ ಹಾಕಿದವಳೇ. ಆ ಸಹಿಯನ್ನು ಈಗ ವಾಪಸು ಪಡೆಯಬೇಕು ಅನ್ನಿಸುತ್ತಿದೆ. ಅದಕ್ಕೆ ಕಾರಣ ಆ ಚಿತ್ರ ನಡೆಯುವ ಜಾಗ, ಅಂದರೆ ಬರ್ಲಿನ್‌ನ ಒಲಿಂಪಿಕ್ ಕ್ರೀಡಾಂಗಣ.

1936ರ ಕ್ರೀಡಾಕೂಟಕ್ಕಾಗಿ ವಾಸ್ತುಶಿಲ್ಪಿ ವೆರ್ನರ್ ಮಾರ್ಚ್ ಕಟ್ಟಿದ ಈ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಜನ ಸೇರಬಹುದಿತ್ತು. ಅದರ ಅರ್ಧ ಭಾಗ ನೆಲದೊಳಗಿದೆ. ಹೊರಗಿನಿಂದ ಬಂದವನಿಗೆ ಸಾಧಾರಣ ಎತ್ತರದ ಕಲ್ಲಿನ ಕಂಬಸಾಲು ಕಾಣುತ್ತದೆ, ಒಳಗೆ ಕಾಲಿಟ್ಟ ಕೂಡಲೇ ಕಾಲಡಿಯಲ್ಲಿ ದೊಡ್ಡ ಬೋಗುಣಿ ತೆರೆದುಕೊಳ್ಳುತ್ತದೆ. ಈ ಬೋಗುಣಿಯ ಅಂಚನ್ನು ಒಂದೇ ಕಡೆ, ಪಶ್ಚಿಮಕ್ಕೆ, ಸೀಳಲಾಗಿದೆ. ಅದರ ಹೆಸರು ಮ್ಯಾರಥಾನ್ ಬಾಗಿಲು. ಒಲಿಂಪಿಕ್ ಜ್ಯೋತಿ ಉರಿದದ್ದು ಅಲ್ಲಿ. ಆ ಸೀಳಿನಿಂದಾಚೆ ಕಣ್ಣು ಹಾಯಿಸಿದರೆ ದೂರದಲ್ಲಿ ಗಂಟೆ ಗೋಪುರ, ಗೋಪುರದ ಕೆಳಗೆ ಲಾಂಗೆಮಾರ್ಕ್ ಸಭಾಂಗಣ. ಮೊದಲ ಮಹಾಯುದ್ಧದಲ್ಲಿ, 1914ರಲ್ಲಿ, ಸತ್ತ ಜರ್ಮನ್ ಯುವಕರ ಸ್ಮಾರಕ ಅದು. ಓಡುವ ಹುಡುಗರು, ಅವರ ಹಿಂದೆ ಬೆಂಕಿ, ಬೆಂಕಿಯ ಹಿಂದೆ ಸತ್ತ ಸೈನಿಕರು. ಕ್ಯಾಮೆರಾ ಬರುವ ಮೊದಲೇ ಕಟ್ಟಡ ಈ ದೃಶ್ಯವನ್ನು ಸಂಯೋಜಿಸಿ ಇಟ್ಟಿತ್ತು. ರೀಫೆನ್‌ಸ್ತಾಲ್ ಮೈದಾನದಲ್ಲಿ ಗುಂಡಿ ತೋಡಿಸಿದಳು, ಹಳಿಯ ಮೇಲೆ ಕ್ಯಾಮೆರಾ ಓಡಿಸಿದಳು, ಕತ್ತಲಾಯಿತೆಂದು ಪೋಲ್‌ವಾಲ್ಟ್ ಆಟಗಾರರನ್ನು ಮತ್ತೆ ಕರೆಸಿ ಹಾರಿಸಿದಳು. ಎಲ್ಲವೂ ನಿಜ, ಎಲ್ಲವೂ ಜಾಣತನ. ಆದರೆ ಅದು ಕ್ರೀಡಾಂಗಣದ ಆಜ್ಞೆಯನ್ನು ಪಾಲಿಸಿದ ಜಾಣತನ. ಹೀಗಿರುವಾಗ ಇಲ್ಲಿ ವಸ್ತುವಿನಿಂದ ರೂಪವನ್ನು ಬಿಡಿಸಿ ಹೊಗಳುವುದು ಹೇಗೆ? ರೂಪವೇ ವಸ್ತು.

ಆದರೂ ಒಂದು ಸ್ಪರ್ಧೆ ಈ ಬೋಗುಣಿಯೊಳಗೆ ಪೂರ್ತಿ ಹಿಡಿಸುವುದಿಲ್ಲ. ಮ್ಯಾರಥಾನ್ ಓಟಗಾರ ಕ್ರೀಡಾಂಗಣ ಬಿಟ್ಟು ಹೊರಗೆ ಹೋಗುತ್ತಾನೆ, ಎರಡೂವರೆ ಗಂಟೆ ಯಾರ ಕಣ್ಣಿಗೂ ಪೂರ್ತಿ ಸಿಗುವುದಿಲ್ಲ, ಆಮೇಲೆ ಒಳಗೆ ಬರುತ್ತಾನೆ. ಬರುವಾಗ ಹೊರಗಿನದ್ದೇನೋ ಅವನ ಜೊತೆ ಬರುತ್ತದೆ. 1936ರಲ್ಲಿ ಹಾಗೆ ಬಂದವನು ಸೋನ್ ಕೀ-ಚುಂಗ್, 2 ಗಂಟೆ 29 ನಿಮಿಷ 19 ಸೆಕೆಂಡಿನಲ್ಲಿ. ಅವನು ಕೊರಿಯಾದವನು. ಅವನ ದೇಶ ಜಪಾನಿನ ವಸಾಹತಾಗಿದ್ದರಿಂದ ಎದೆಯ ಮೇಲೆ ಜಪಾನಿನ ಸೂರ್ಯ, ದಾಖಲೆಯಲ್ಲಿ ಜಪಾನೀ ಉಚ್ಚಾರದ ಹೆಸರು. ಪದಕ ಪ್ರದಾನದಲ್ಲಿ ಅವನು ತಲೆ ತಗ್ಗಿಸಿ, ವಿಜೇತರಿಗೆ ಕೊಟ್ಟ ಓಕ್ ಸಸಿಯನ್ನು ಎದೆಯ ಸೂರ್ಯನಿಗೆ ಅಡ್ಡ ಹಿಡಿದು ನಿಂತ. ಕಂಚು ಗೆದ್ದ ನಾಮ್ ಸುಂಗ್-ಯೋಂಗ್ ಕೂಡ ಕೊರಿಯಾದವನೇ. ಸೋನ್‌ನ ಚಿನ್ನಕ್ಕಿಂತ ಅವನ ಕೈಲಿದ್ದ ಸಸಿಯನ್ನು ಕಂಡು ಹೊಟ್ಟೆಕಿಚ್ಚಾಯಿತು ಎಂದು ಅವನು ಆಮೇಲೆ ಹೇಳಿದನಂತೆ.

ಕೊರಿಯಾದ ‘ದೋಂಗ್-ಆ ಇಲ್ಬೊ’ ಪತ್ರಿಕೆ ಆ ಫೋಟೊ ಅಚ್ಚು ಹಾಕುವಾಗ ಎದೆಯ ಮೇಲಿನ ಧ್ವಜವನ್ನು ಅಳಿಸಿತು. ವಸಾಹತು ಸರ್ಕಾರ ಪತ್ರಕರ್ತರನ್ನು ಬಂಧಿಸಿ, ಪತ್ರಿಕೆಯನ್ನು ತಿಂಗಳುಗಟ್ಟಲೆ ಮುಚ್ಚಿಸಿತು. ‘ಒಲಿಂಪಿಯಾ’ ತೆರೆಗೆ ಬಂದದ್ದು 1938ರ ಏಪ್ರಿಲ್ 20ಕ್ಕೆ, ಹಿಟ್ಲರನ ಹುಟ್ಟುಹಬ್ಬದ ದಿನ. ನನ್ನ ಮಟ್ಟಿಗೆ ಅದರ ಮೊದಲ ವಿಮರ್ಶೆ ಬಂದದ್ದು ಅದಕ್ಕೂ ಎರಡು ವರ್ಷ ಮುಂಚೆ, ಆ ಅಳಿಸಿದ ಫೋಟೊದಲ್ಲಿ.

ಚಿತ್ರದಲ್ಲಿ ಮ್ಯಾರಥಾನ್ ಭಾಗ ಬಹಳ ಸೊಗಸಾಗಿದೆ. ಓಟಗಾರನ ಕಣ್ಣಿಂದಲೇ ಕಾಣುವ ರಸ್ತೆ, ಬೀಳುವ ಹೆಜ್ಜೆ, ನೆರಳು. ದಣಿವನ್ನು ಇಷ್ಟು ಹತ್ತಿರದಿಂದ ತೋರಿಸಿದ ಚಿತ್ರ, ಓಡಿದವನು ಯಾರು ಎಂದು ಕೇಳುವುದಿಲ್ಲ. ವಿಜೇತರ ಹೆಸರುಗಳನ್ನು ಮ್ಯಾರಥಾನ್ ಬಾಗಿಲಿನ ಗೋಡೆಯಲ್ಲೇ ಕೆತ್ತಲಾಗಿದೆ. 1970ರಲ್ಲಿ ದಕ್ಷಿಣ ಕೊರಿಯಾದ ಸಂಸದನೊಬ್ಬ ಗುಟ್ಟಾಗಿ ಒಳಹೊಕ್ಕು ಸೋನ್ ಹೆಸರಿನ ಮುಂದಿದ್ದ ‘ಜಪಾನ್’ ಕೆತ್ತಿ ತೆಗೆದು ‘ಕೊರಿಯಾ’ ಎಂದು ಬರೆದ. ಆಮೇಲೆ ಅದನ್ನು ತಿದ್ದಿ ಮತ್ತೆ ‘ಜಪಾನ್’ ಮಾಡಲಾಯಿತು.

ಕೊನ್ ಇಚಿಕಾವಾನ ‘ಟೋಕಿಯೊ ಒಲಿಂಪಿಯಾಡ್’ (1965) ಇದಕ್ಕೆ ಉತ್ತರ ಎಂದು ಪಾಠಗಳಲ್ಲಿ ಹೇಳುವುದುಂಟು. ಅರ್ಧ ಒಪ್ಪುತ್ತೇನೆ. ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣವನ್ನು 1958ರ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಿದ್ದು. ಅದೇ ನೆಲದಲ್ಲಿದ್ದ ಹಳೆಯ ಮೈದಾನದಿಂದ 1943ರ ಅಕ್ಟೋಬರ್ 21ರಂದು, ಸುರಿವ ಮಳೆಯಲ್ಲಿ, ಕಾಲೇಜು ಹುಡುಗರನ್ನು ಬಂದೂಕು ಹೊರಿಸಿ ಯುದ್ಧಕ್ಕೆ ಬೀಳ್ಕೊಟ್ಟಿದ್ದರು. 1964ರಲ್ಲಿ ಅಲ್ಲಿ ಜ್ಯೋತಿ ಹಚ್ಚಿದ್ದು ಯೋಶಿನೋರಿ ಸಕಾಯಿ, ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನವೇ ಆ ಪ್ರಾಂತದಲ್ಲಿ ಹುಟ್ಟಿದವನು. ಇಚಿಕಾವಾನ ಚಿತ್ರ ಸೂರ್ಯನಿಂದ ಶುರುವಾಗಿ ತಕ್ಷಣ ಹಳೆ ಕಟ್ಟಡಗಳನ್ನು ಉರುಳಿಸುವ ಕಬ್ಬಿಣದ ಗುಂಡಿಗೆ ಹಾರುತ್ತದೆ. ಅವನ ಕ್ಯಾಮೆರಾ ಸೋತವರ ಹಿಂದೆ ಹೋಗುತ್ತದೆ. ಚಾಡ್ ದೇಶದಿಂದ ಬಂದ ಓಟಗಾರ ಊಟದ ಮನೆಯಲ್ಲಿ ಒಬ್ಬನೇ ಕೂತು ಉಣ್ಣುವುದನ್ನು ತೋರಿಸುತ್ತದೆ. ಒಲಿಂಪಿಕ್ಸ್ ಹೊಣೆ ಹೊತ್ತಿದ್ದ ಸಚಿವ ಇಚಿರೊ ಕೊನೊಗೆ ಇದು ದಾಖಲೆ ಅನ್ನಿಸಲಿಲ್ಲ.

ಮ್ಯಾರಥಾನ್‌ನಲ್ಲಿ ಅಬೆಬೆ ಬಿಕಿಲಾ ಎಲ್ಲರಿಗಿಂತ ಬಹಳ ಮುಂದೆ. ಎರಡನೆಯವನಾಗಿ ಕ್ರೀಡಾಂಗಣ ಹೊಕ್ಕವನು ಜಪಾನಿನ ಕೋಕಿಚಿ ತ್ಸುಬುರಾಯಾ. ಓಡುವಾಗ ಹಿಂದೆ ತಿರುಗಿ ನೋಡಬೇಡ ಎಂದು ಅವನ ಅಪ್ಪ ಹೇಳಿದ್ದನಂತೆ. ನೋಡಲಿಲ್ಲ. ತುಂಬಿದ ಕ್ರೀಡಾಂಗಣದ ಕಣ್ಣೆದುರು ಬ್ರಿಟನ್ನಿನ ಬೇಸಿಲ್ ಹೀಟ್ಲಿ ಅವನನ್ನು ದಾಟಿದ. ಕಂಚು ಸಿಕ್ಕಿತು. 1968ರ ಜನವರಿಯಲ್ಲಿ ತ್ಸುಬುರಾಯಾ ತನ್ನ ಜೀವ ತಾನೇ ತೆಗೆದುಕೊಂಡ. ಬಿಟ್ಟುಹೋದ ಪತ್ರದಲ್ಲಿ ಅಪ್ಪ, ಅಮ್ಮ, ಅಣ್ಣಂದಿರು, ಅತ್ತಿಗೆಯರು ಕೊಟ್ಟ ಒಂದೊಂದು ತಿನಿಸನ್ನೂ ನೆನೆದು, ರುಚಿಯಾಗಿತ್ತು ಎಂದು ಬರೆದಿದ್ದ. ಆ ಗದ್ಯವನ್ನು ಯಸುನಾರಿ ಕವಾಬಾತಾ ಮನಸಾರೆ ಮೆಚ್ಚಿ ಬರೆದರು. ನನಗೂ ಅದು ಗಂಟಲು ಕಟ್ಟಿಸುತ್ತದೆ. ಆದರೆ ಇಲ್ಲೂ ‘ರೂಪ ಅದ್ಭುತ’ ಎನ್ನುವವರ ಸಾಲಿಗೆ ನಾನು ಸೇರಿಬಿಡುತ್ತಿದ್ದೇನೋ ಎಂಬ ಅಳುಕು ಬಿಟ್ಟಿಲ್ಲ.

ಇಚಿಕಾವಾನ ಬಗ್ಗೆ ನನ್ನ ತಕರಾರು ಆ ಕಬ್ಬಿಣದ ಗುಂಡಿನದು. ಅದು ಯಾರ ಗೋಡೆಯನ್ನು ಕೆಡವಿತು? ಚಿತ್ರ ಮುಂದೆ ಆ ಕಡೆ ತಿರುಗುವುದಿಲ್ಲ. ಸೋತವರನ್ನು ಪ್ರೀತಿಸುವ ಅವನ ಕಣ್ಣಿಗೂ ಸೋಲಲು ಒಂದು ಕ್ರೀಡಾಂಗಣ ಬೇಕು.

ಆ ಕಡೆ ತಿರುಗಿದ ಚಿತ್ರ ಸೋಲ್‌ನಿಂದ ಬಂತು. ಅಲ್ಲಿನ ಮುಖ್ಯ ಕ್ರೀಡಾಂಗಣವನ್ನು ರೂಪಿಸಿದವನು ಕಿಮ್ ಸೂ-ಗುನ್. ಜೋಸನ್ ಕಾಲದ ಪಿಂಗಾಣಿ ಹೂಜಿಯ ಬಳುಕು ಅದರ ಗೋಡೆಗಿದೆ, ಬರ್ಲಿನ್ ಮುಂದೆ ನಿಲ್ಲಿಸಿದರೆ ಎಷ್ಟೋ ಸೌಮ್ಯ. 1988ರ ಸೆಪ್ಟೆಂಬರ್ 17ರಂದು 76 ವರ್ಷದ ಸೋನ್ ಕೀ-ಚುಂಗ್ ಜ್ಯೋತಿ ಹಿಡಿದು ಅದರೊಳಗೆ ಓಡಿ ಬಂದ, ಸಣ್ಣ ಹುಡುಗನ ಹಾಗೆ ನೆಗೆಯುತ್ತ. ಐವತ್ತೆರಡು ವರ್ಷದ ಬಾಕಿ ಅಂದು ಚುಕ್ತಾ ಆಯಿತು ಅನ್ನಿಸಿ ನನ್ನ ಕಣ್ಣೂ ತೇವವಾಗಿತ್ತು.

ಅದೇ ವರ್ಷ ಕಿಮ್ ದೋಂಗ್-ವೋನ್ 27 ನಿಮಿಷದ ‘ಸಾಂಗ್ಗೆ-ದೋಂಗ್ ಒಲಿಂಪಿಕ್’ ಎಂಬ ಸಾಕ್ಷ್ಯಚಿತ್ರ ಮಾಡಿದ. ಒಲಿಂಪಿಕ್ಸ್‌ಗಾಗಿ ನಗರ ಚೊಕ್ಕವಾಗಬೇಕೆಂದು ಗುಡಿಸಲುಗಳನ್ನು ಕಳೆದುಕೊಂಡವರ ಜೊತೆ ಬದುಕುತ್ತ ವಿಡಿಯೊ ಕ್ಯಾಮೆರಾದಲ್ಲಿ ತೆಗೆದದ್ದು. ಚಿತ್ರ ಅಲುಗಾಡುತ್ತದೆ, ಬಣ್ಣ ಸೋರಿದೆ, ಹೊಗಳಲು ಒಂದು ಚೌಕಟ್ಟೂ ಸಿಗುವುದಿಲ್ಲ. ಕ್ರೀಡಾಂಗಣ ಅದರ ವಿಷಯವೇ ಅಲ್ಲ. ಒಕ್ಕಲೆಬ್ಬಿಸಿದ ಕೆಲವು ಕುಟುಂಬಗಳು ಸೋಲ್ ಬಿಟ್ಟು ಬುಚೋನ್‌ನಲ್ಲಿ, ಹೆದ್ದಾರಿ ಪಕ್ಕದಲ್ಲಿ, ತುಂಡು ಜಾಗ ಕೊಂಡು ತಾತ್ಕಾಲಿಕ ಸೂರು ಕಟ್ಟಿಕೊಂಡವು. ಅವನ್ನೂ ಕೆಡವಿದರು. ಕೊಟ್ಟ ಕಾರಣ, ಒಲಿಂಪಿಕ್ ಜ್ಯೋತಿ ಆ ದಾರಿಯಲ್ಲಿ ಹಾದುಹೋಗಲಿತ್ತು. ಆ ಜನ ನೆಲದಲ್ಲಿ ಗುಂಡಿ ತೋಡಿಕೊಂಡು ಅದರೊಳಗೆ ಇದ್ದರು. ಮೇಲೆ ರಸ್ತೆಯಲ್ಲಿ ಜ್ಯೋತಿ ಕ್ರೀಡಾಂಗಣದ ಕಡೆಗೆ, ಸೋನ್ ಕೈಯ ಕಡೆಗೆ, ಹೋಯಿತು.