ದೊರೆಮಗ, ಸಾಹುಕಾರನ ಮಗಳು ಮತ್ತು ನಮ್ಮ ಚನ್ನ

ಗೆಳೆಯರೆ, ಮೊದಲೇ ಒಪ್ಪಿಕೊಂಡುಬಿಡುತ್ತೇವೆ. ನಾವು ಒಂದು ಇಂಗ್ಲಿಷ್ ಪ್ರೇಮ ಕಾದಂಬರಿಯನ್ನು ಪೂರ್ತಿ ಓದಿದೆವು. ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದ್ದು, ಪಕ್ಕದಲ್ಲಿ ಡಿಕ್ಷನರಿ ಇಟ್ಟುಕೊಂಡು ಓದಿದ್ದು. ಜಾರ್ಜೆಟ್ ಹೇಯರ್ 1961ರಲ್ಲಿ ಬರೆದ 'ಎ ಸಿವಿಲ್ ಕಾಂಟ್ರಾಕ್ಟ್'. ಕಾಯಿಲೆ ಬಿದ್ದ ದೊರೆಯ ಬದಲು ಅವನ ಮಗ ಇಂಗ್ಲೆಂಡನ್ನು ಆಳಿದ 1811ರಿಂದ 1820ರ ಕಾಲಕ್ಕೆ ಅಲ್ಲಿಯವರು ರೀಜೆನ್ಸಿ ಅನ್ನುತ್ತಾರೆ. ಆ ಕಾಲದ ಕುದುರೆಗಾಡಿ, ರೇಷ್ಮೆ ಗೌನುಗಳ ಪ್ರೇಮಕಥೆಗೆ ಒಂದು ಮಾರ್ಕೆಟ್ಟನ್ನೇ ಕಟ್ಟಿದವಳು ಈಕೆ. ಕೇರಿಯ ಹುಡುಗರಿಗೆ ಇದೆಲ್ಲ ಯಾಕೆ ಅಂತ ಕೇಳ್ತೀರಿ. ನಾವೂ ನಗೋಕೆ ಅಂತಲೇ ಶುರು ಮಾಡಿದ್ದು.

ಕಥೆ ಇಷ್ಟೆ. ಆಡಮ್ ಎಂಬ ದೊರೆಮಗನಿಗೆ ಸತ್ತ ಅಪ್ಪ ಬಿಟ್ಟುಹೋದದ್ದು ಬರೀ ಸಾಲ. ಫಾಂಟ್ಲಿ ಎಂಬ ವಂಶದ ಮನೆ ಕೈಬಿಡುವ ಸ್ಥಿತಿ. ಪ್ರೀತಿಸಿದ ಜೂಲಿಯಾ ಅವನದೇ ಅಂತಸ್ತಿನವಳು. ಅವಳನ್ನು ಬಿಟ್ಟು ಚಾಲಿ ಎಂಬ ವ್ಯಾಪಾರಿಯ ಮಗಳು ಜೆನ್ನಿಯನ್ನು ಕಟ್ಟಿಕೊಳ್ಳುತ್ತಾನೆ. ಅವರ ಹತ್ತಿರ ದುಡ್ಡು, ಇವನ ಹತ್ತಿರ ಬಿರುದು. ದನದ ಸಂತೆಯಲ್ಲಿ ಟವೆಲ್ಲಿನೊಳಗೆ ಬೆರಳು ಹಿಡಿದು ರೇಟು ಮಾತಾಡ್ತಾರಲ್ಲ, ಹಾಗೆ.

ಜೆನ್ನಿ ದಾಟಿದ್ದು ದುಡ್ಡು ಕೊಟ್ಟರೆ ದಾಟಬಹುದಾದ ಗೆರೆಯನ್ನು. ಹುಟ್ಟಿದ ಮಗನಿಗೆ ವ್ಯಾಪಾರಿ ತಾತನ ಹೆಸರನ್ನೂ ಸೇರಿಸಿ ಇಡುತ್ತಾರೆ, ಆ ಮಗುವೇ ಫಾಂಟ್ಲಿಯ ವಾರಸುದಾರ. ಆದರೆ ಅದೇ ಫಾಂಟ್ಲಿಯ ಹೊಲದಲ್ಲಿ ಗೇಯುವವನ ಮಗನೊಬ್ಬ ಆಡಮನ ತಂಗಿಯನ್ನು ಮೋಹಿಸಿದ್ದರೆ? ಆ ಪ್ರಶ್ನೆ ಈ ಪುಸ್ತಕದೊಳಗೆ ಹುಟ್ಟುವುದೇ ಇಲ್ಲ. ಕೊನೆಗೆ 1815ರ ವಾಟರ್ಲೂ ಯುದ್ಧದಲ್ಲಿ ವೆಲ್ಲಿಂಗ್ಟನ್ ಗೆಲ್ಲುತ್ತಾನೆಂದು ನಂಬಿ, ಬೆಲೆ ಬಿದ್ದ ಸರ್ಕಾರಿ ಸಾಲಪತ್ರ ಕೊಂಡು ಆಡಮ್ ಉದ್ಧಾರವಾಗುತ್ತಾನೆ. ಈ ವೆಲ್ಲಿಂಗ್ಟನ್ ನಮಗೇನೂ ಹೊಸಬನಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣದ ಆಡಳಿತಕ್ಕೆ ಬಂದು ಕೂತ ಆರ್ಥರ್ ವೆಲ್ಲೆಸ್ಲಿಯೇ ಅವನು.

ಈಗ ನಮ್ಮ ತಾಲ್ಲೂಕಿಗೆ ಬನ್ನಿ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ 1984ರಲ್ಲಿ 'ಕುಸುಮಬಾಲೆ' ತಂದರು. ಮೇಲುಜಾತಿಯ ಜಮೀನ್ದಾರರ ಮನೆಯ ಕುಸುಮ, ಹೊಲಗೇರಿಯ ಚನ್ನ. ಪ್ರೀತಿ ಆಗುತ್ತೆ, ಮಗು ಆಗುತ್ತೆ, ಚನ್ನನ ಕೊಲೆ ಆಗುತ್ತೆ. ಯಾವ ಸಾಲಪತ್ರ ಕೊಂಡರೂ ಇಲ್ಲಿ ಚನ್ನ ಉಳಿಯಲ್ಲ. ನಮ್ಮ ಅವ್ವಂದಿರು ಆಡುವ ಮಾತಿನಲ್ಲೇ, ಮಂಟೇಸ್ವಾಮಿ ಪದ ಹಾಡುವ ನೀಲಗಾರರ ಉಸಿರಿನಲ್ಲೇ ಕಥೆ ನಡೆಯುತ್ತೆ. ರಾತ್ರಿ ಮನೆಮನೆಯ ಜೋತಮ್ಮಗಳು ಸೇರಿ ಸುಖದುಃಖ ಮಾತಾಡುತ್ತಾರೆ. ಪಂಡಿತರು ಇದಕ್ಕೆ ಮಾಂತ್ರಿಕ ವಾಸ್ತವ ಅಂದರು. ನಮಗೆ ಕಂಡದ್ದೇ ಬೇರೆ. ಸಾಕ್ಷಿ ಹೇಳೋ ಮನುಷ್ಯರಿಲ್ಲದ ಊರಲ್ಲಿ ದೀಪವೇ ಬಾಯಿ ಬಿಡಬೇಕಾಯಿತು.

ದೇವರುಗಳಿಗೆ ಈ ಕಷ್ಟ ಇಲ್ಲ ನೋಡಿ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಯನ್ನು ಮದುವೆಯಾದ, ಸೋಲಿಗರು ಇವತ್ತಿಗೂ ಅವನನ್ನು ಭಾವ ಅನ್ನುತ್ತಾರೆ. ನಮ್ಮ ನಂಜುಂಡ ಬೆಟ್ಟದ ಚಾಮುಂಡಿಗೆ ಮನಸೋತದ್ದನ್ನು ಜನ ಪದ ಕಟ್ಟಿ ಹಾಡುತ್ತಾರೆ. ದೇವರಿಗೆ ಪದ ಕಟ್ಟಿದ ಊರೇ ಚನ್ನನಂಥವರಿಗೆ ಮಚ್ಚು ಮಸೆಯುತ್ತೆ.

ಹಾಗಾದರೆ ಹೇಯರಮ್ಮನ ಪುಸ್ತಕವನ್ನು ಆಚೆಗೆ ಎಸೆಯೋಣವೇ? ಇಲ್ಲಿ ನಮಗೆ ತೊಡಕಾಯಿತು. ಯಾಕಂದರೆ ಈ ಕಥೆಯಲ್ಲಿ ಪ್ರೀತಿ ಶುರುವಾಗೋದೇ ಮದುವೆ ಆದ ಮೇಲೆ. ಜೆನ್ನಿ ಚೆಲುವೆಯಲ್ಲ. ಗಂಡನ ಮನಸ್ಸು ಇನ್ನೊಬ್ಬಳಲ್ಲಿದೆ ಅಂತ ಗೊತ್ತಿದ್ದೂ ಮನೆ ನಡೆಸುತ್ತಾಳೆ, ಅವನ ಬೇಕುಬೇಡ ಕಲಿಯುತ್ತಾಳೆ. ದಿನಾ ಒಂದೇ ಸೂರಿನಡಿ ಇದ್ದು ಇದ್ದು ಏನೋ ಒಂದು ನಂಟು ಬೆಳೆಯುತ್ತೆ. ಹೊಂದಿಕೊಳ್ಳೋ ಕೆಲಸವನ್ನೆಲ್ಲ ಹೆಣ್ಣಿನ ತಲೆಗೇ ಕಟ್ಟಿದ್ದನ್ನು ನಾವು ಒಪ್ಪಲ್ಲ. ಆದರೂ ಕೇಳಿಕೊಳ್ಳಬೇಕು: ನಮ್ಮ ಪ್ರೇಮಪದ್ಯಗಳಲ್ಲಿ ಮದುವೆಯ ಮಾರನೇ ಬೆಳಿಗ್ಗೆ ಎಲ್ಲಿದೆ? ಓಡಿಹೋಗುವ ರಾತ್ರಿ ಇದೆ, ರಕ್ತ ಇದೆ, ಹೆಣ ಇದೆ. ನಾವೇ ಅಂಥವು ಎಂಟು ಹತ್ತು ಬರೆದಿದ್ದೇವೆ. ಜಾತಿ ರೋಗಕ್ಕೆ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದರು. ಮದ್ದು ತಗೊಂಡವರು ಹೇಗಿದ್ದಾರೆ ಅಂತ ಯಾರು ಬರೀಬೇಕು?

ನಮ್ಮ ಗೆಳೆಯನೊಬ್ಬ ಮೇಲಿನ ಬೀದಿಯ ಹುಡುಗಿಯನ್ನು ಮದುವೆಯಾದ. ರೀಜೆನ್ಸಿ ಕಾಲದ ಜೋಡಿಗಳು ಗಡಿ ದಾಟಿ ಸ್ಕಾಟ್ಲೆಂಡಿನ ಗ್ರೆಟ್ನಾ ಗ್ರೀನ್ ಮುಟ್ಟಿದರೆ ಅವತ್ತೇ ಮದುವೆ. ಕಪಿಲೆ ದಾಟಿದರೆ ನಮಗೆ ಅಂಥ ಊರಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟೀಸು ಕೊಟ್ಟು 30 ದಿನ ಕಾಯಬೇಕು, ಆ ನೋಟೀಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ. ಅಷ್ಟು ದಿನವೂ ಇಬ್ಬರೂ ಬೇರೆ ಬೇರೆ ಮನೆಗಳಲ್ಲಿ ಬಚ್ಚಿಟ್ಟುಕೊಂಡಿದ್ದರು. ಉಳಿದುಕೊಂಡರು.

ಈಗ ಮೈಸೂರಲ್ಲಿ ಬಾಡಿಗೆ ಮನೆ. ಓನರ್ 'ಯಾವ ಜನ?' ಅಂತ ಕೇಳಿದಾಗ ಅವಳ ಜಾತಿ ಹೇಳಿ ಹಿಡಿದ ಮನೆ, ಹಂಗಾಗಿ ಅಲ್ಲಿ ಬಾಡು ಬೇಯಲ್ಲ. ಅವನ ಅವ್ವ ಊರಿಂದ ಬಂದರೆ ಅಡುಗೆಮನೆ ಹೊಸಿಲಲ್ಲೇ ನಿಂತುಬಿಡುತ್ತಾಳೆ. "ಒಳಕ್ಕೆ ಬನ್ನಿ ಅತ್ತೆ" ಅಂದರೆ "ಇಲ್ಲೇ ಇರ್ತೀನಿ ಬುಡಿ ತಾಯಿ" ಅನ್ನುತ್ತಾಳೆ. ಸೊಸೆಗೆ 'ಬುಡಿ' ಅನ್ನುವ ಅತ್ತೆ! ಸೊಸೆಯ ತವರಿನ ಜಮೀನಿನಲ್ಲಿ ವರ್ಷಾನುಗಟ್ಟಲೆ ಕಳೆ ಕಿತ್ತವಳು ಆಕೆ. ಕಾದಂಬರಿಯ ಚಾಲಿಯೂ ಅಳಿಯನ ಮನೆಗೆ ಹೋಗಲು ಹಿಂಜರಿಯುತ್ತಾನೆ, ಆದರೆ ಅವನ ದುಡ್ಡು ಅವನಿಗಿಂತ ಮೊದಲೇ ಒಳಗೆ ಹೋಗಿ ಕೂತಿರುತ್ತೆ.

ಮೊನ್ನೆ ನಾವು ಹೋಗಿದ್ದಾಗ ಆ ಹುಡುಗಿ ಒಲೆ ಮೇಲೆ ಎಸರಿಟ್ಟು, "ನಂಗೆ ಹಿಟ್ಟು ತೊಳಸೋಕೆ ಬರಲ್ಲ ಅತ್ತೆ, ಗಂಟಾಗುತ್ತೆ" ಅಂದಳು. ಸುಳ್ಳು, ಅವಳಿಗೆ ಚೆನ್ನಾಗಿ ಬರುತ್ತೆ. ಅವ್ವ ಒಂದು ಗಳಿಗೆ ಸುಮ್ಮನೆ ನಿಂತಿದ್ದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೊಸಿಲು ದಾಟಿ, "ದೊಣ್ಣೆ ಎಲ್ಲವ್ವಾ ಮಡಗಿದ್ದೀ?" ಅಂದಳು.