ನಾಜಿಯಾ ಹಸನ್: ಅಂಗಲಾಚದ ದನಿ

ಪಾಪ್ ಗಾಯಕಿಯರ ಮೇಲಿನ ಅಭಿಮಾನವನ್ನು ನಮ್ಮಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬೇಗಂ ಅಖ್ತರ್ ಇಷ್ಟವೆಂದರೆ ರಸಿಕರೆಂದು ಗೌರವಿಸುತ್ತಾರೆ. ನಾಜಿಯಾ ಹಸನ್ ಇಷ್ಟವೆಂದರೆ ‘ಆ ಡಿಸ್ಕೋ ಹುಡುಗಿಯೇ?’ ಎಂದು ನಕ್ಕುಬಿಡುತ್ತಾರೆ. ಇದರಲ್ಲಿ ಅಭಿಮಾನಿಗಳ ಪಾಲೂ ಇದೆ. ನಾಜಿಯಾರನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವುದು ಎರಡೇ ಮಾತು: ಎಂಥ ಮುಗ್ಧ ಮುಖ, ಎಷ್ಟು ಬೇಗ ಹೋಗಿಬಿಟ್ಟಳು! ಮುಖವನ್ನೂ ಮರಣವನ್ನೂ ನೆನೆಯುವ ಈ ಪ್ರೀತಿ ಹಾಡಿಗೆ ಮಾತ್ರ ಕಿವಿಗೊಡುವುದಿಲ್ಲ. ನಾನೂ ಅವರ ಅಭಿಮಾನಿ. ಆದ್ದರಿಂದಲೇ ಹಾಡಿನ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ.

ನಾಜಿಯಾ ಹುಟ್ಟಿದ್ದು 1965ರಲ್ಲಿ, ಕರಾಚಿಯಲ್ಲಿ. ಬೆಳೆದದ್ದು ಕರಾಚಿ ಮತ್ತು ಲಂಡನ್‌ಗಳಲ್ಲಿ. ಫಿರೋಜ್ ಖಾನ್ ಅವರ ‘ಕುರ್ಬಾನಿ’ ಚಿತ್ರ 1980ರಲ್ಲಿ ತೆರೆಕಂಡಾಗ ಅದರ ‘ಆಪ್ ಜೈಸಾ ಕೋಯಿ’ ಹಾಡಿದ ಹುಡುಗಿಗೆ ಹದಿನೈದು ವರ್ಷ. ಆ ಹಾಡಿಗೆ ಮರುವರ್ಷ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಚಿತ್ರದ ಉಳಿದ ಸಂಗೀತ ಕಲ್ಯಾಣ್‌ಜಿ ಆನಂದ್‌ಜಿ ಅವರದು. ಈ ಹಾಡು ಮಾತ್ರ ಲಂಡನ್ನಿನಲ್ಲಿ ನೆಲೆಸಿದ್ದ ಬಿದ್ದು ಅಪ್ಪಯ್ಯ ಅವರದು. ಬಿದ್ದು ಬೆಂಗಳೂರಿನಲ್ಲಿ ಬೆಳೆದ ಕೊಡವರು. ಫಿರೋಜ್ ಖಾನ್ ಹುಟ್ಟಿದ್ದೂ 2009ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಕರಾಚಿಯ ಹುಡುಗಿಯ ದನಿ ನಮಗೆ ತಲುಪಿದ್ದು ಹೀಗೆ ಇಬ್ಬರು ಬೆಂಗಳೂರಿಗರ ಕೈಯಿಂದ.

ಆ ದನಿಯಲ್ಲಿ ಹೊಸದೇನಿತ್ತು? ಇದನ್ನು ಅರಿಯಲು ಬೇರೆಲ್ಲಿಗೂ ಹೋಗಬೇಕಿಲ್ಲ, ‘ಕುರ್ಬಾನಿ’ಯಲ್ಲೇ ಇರುವ ‘ಲೈಲಾ ಓ ಲೈಲಾ’ವನ್ನು ಪಕ್ಕದಲ್ಲಿಟ್ಟು ಕೇಳಿದರೆ ಸಾಕು. ಎರಡಕ್ಕೂ ತೆರೆಯ ಮೇಲೆ ಕುಣಿಯುವವರು ಜೀನತ್ ಅಮಾನ್. ಕಾಂಚನ್ ಮತ್ತು ಅಮಿತ್ ಕುಮಾರ್ ಹಾಡಿದ ‘ಲೈಲಾ’ ಸಭೆಯನ್ನು ಕರೆಯುತ್ತದೆ, ಕೆಣಕುತ್ತದೆ. ಅಲ್ಲಿ ಹೆಣ್ಣು ನೋಡುವವರಿಗಾಗಿ ಇದ್ದಾಳೆ. ನಾಜಿಯಾರ ಹಾಡಿನಲ್ಲಿ ಉಸಿರಿನ ಬಿಸಿಯಿಲ್ಲ, ನಾಚಿಕೆಯ ನಟನೆಯಿಲ್ಲ, ಮುರ್ಕಿಗಳ ಅಲಂಕಾರವೂ ಇಲ್ಲ. ತಗ್ಗಿದ, ಒಂದಿಷ್ಟು ಮೂಗಿನ, ನೇರವಾದ ದನಿ. ನಿನ್ನಂಥವನೊಬ್ಬ ನನ್ನ ಬದುಕಿಗೆ ಬಂದರೆ ಚೆನ್ನಾಗಿತ್ತು ಎಂಬುದನ್ನು ಆಕೆ ಸ್ನೇಹಿತೆಗೆ ಹೇಳಿದಷ್ಟು ಸಲೀಸಾಗಿ ಹೇಳುತ್ತಾಳೆ. ಬೇಡುವುದಿಲ್ಲ, ಒಲಿಸುವುದಿಲ್ಲ. ಆಸೆಯನ್ನು ಹೇಳಿ ಸುಮ್ಮನಾಗುತ್ತಾಳೆ. ಕ್ಲಬ್ಬಿನ ದೃಶ್ಯಕ್ಕೆ ಇಂಥ ದನಿ ಹೊಂದಬಾರದಿತ್ತು. ಹೊಂದದೇ ಇರುವುದೇ ಅದರ ಸೊಗಸಾಯಿತು.

ಉರ್ದು ಓದಿದವರಿಗೆ ಇದರ ಮಹತ್ವ ಇನ್ನೂ ಚೆನ್ನಾಗಿ ತಿಳಿಯುತ್ತದೆ. ನಮ್ಮ ಗಜಲ್‌ನಲ್ಲಿ ಪ್ರೇಮವನ್ನು ಹೇಳಿಕೊಳ್ಳುವವನು ಗಂಡು. ಹೆಣ್ಣಿನ ಬಾಯಲ್ಲಿ ಬರೆದ ‘ರೇಖ್ತಿ’ ಎಂಬ ಪ್ರಕಾರವಿತ್ತಾದರೂ ಅದನ್ನು ಬರೆದವರು ಹೆಚ್ಚಾಗಿ ಗಂಡಸರು, ಅದೂ ಮೋಜಿಗಾಗಿ. ‘ಆಪ್ ಜೈಸಾ ಕೋಯಿ’ಯನ್ನು ಬರೆದದ್ದೂ ಗಂಡಸರೇ. ಆದರೆ ಹಾಡಿದ ರೀತಿ ಅದನ್ನು ಹುಡುಗಿಯ ಸ್ವಂತ ಮಾತಾಗಿಸಿತು. ಸಾಹಿತ್ಯ ಮಾಡಲಾರದ್ದನ್ನು ಕೆಲವೊಮ್ಮೆ ಕಂಠ ಮಾಡಿಬಿಡುತ್ತದೆ.

ಇದೆಲ್ಲ ಯಂತ್ರದ ಚಮತ್ಕಾರ, ದನಿಯ ಮೇಲೆ ದನಿ ಕೂರಿಸಿ ಸ್ಟುಡಿಯೋದಲ್ಲಿ ತಯಾರಿಸಿದ ಗಾಯಕಿ ಎಂಬ ಆಕ್ಷೇಪ ಹಳೆಯದು. ಬಿದ್ದು ಹಾಗೆ ದನಿ ಕೂರಿಸಿದ್ದು ನಿಜ. ನಾಜಿಯಾ ಶಾಸ್ತ್ರೀಯ ಗಾಯಕಿಯಲ್ಲ ಎಂಬುದೂ ನಿಜ. ಆದರೆ ಮೈಕ್ ಬಂದ ಮೇಲೆ ಸಭೆಯ ಕೊನೆಯ ಸಾಲಿಗೆ ಕೇಳುವಂತೆ ಕೂಗುವ ಅಗತ್ಯ ಯಾರಿಗೂ ಉಳಿಯಲಿಲ್ಲ. ಆ ಅನುಕೂಲವನ್ನು ಪಿಸುಮಾತಿಗೂ ಬಳಸಬಹುದು, ಸಹಜ ಮಾತಿಗೂ ಬಳಸಬಹುದು. ನಾಜಿಯಾ ಆರಿಸಿಕೊಂಡದ್ದು ಎರಡನೆಯದನ್ನು. ಯಂತ್ರ ದನಿಯನ್ನು ದಪ್ಪ ಮಾಡೀತು, ಸಂಕೋಚವಿಲ್ಲದ ಮನಸ್ಸನ್ನು ಎಲ್ಲಿಂದ ತಂದೀತು?

1981ರ ‘ಡಿಸ್ಕೋ ದೀವಾನೆ’ಯಿಂದ 1992ರ ‘ಕ್ಯಾಮೆರಾ ಕ್ಯಾಮೆರಾ’ವರೆಗೆ ನಾಜಿಯಾ ತಮ್ಮ ಜೊಹೇಬ್ ಜೊತೆಗೂಡಿ ಹಾಡಿದರು. ಪಾಕಿಸ್ತಾನದಲ್ಲಿ ಆಗ ಜನರಲ್ ಜಿಯಾ ಉಲ್ ಹಕ್ ಆಡಳಿತ. ಟಿವಿಯಲ್ಲಿ ವಾರ್ತೆ ಓದುವ ಹೆಣ್ಣುಮಕ್ಕಳಿಗೆ ತಲೆಯ ಮೇಲೆ ಸೆರಗು ಕಡ್ಡಾಯವಾಗಿದ್ದ ಕಾಲ. ಅಂಥಲ್ಲಿ ಮನೆಯ ಗಂಡುಮಗ ಪಕ್ಕದಲ್ಲಿದ್ದಾನೆಂಬುದು ನೋಡುವವರಿಗೆ ಒಂದು ಸಮಾಧಾನವಾಗಿದ್ದಿರಬೇಕು. 1988ರಲ್ಲಿ ಜಿಯಾ ಕಾಲ ಮುಗಿಯಿತು. ಮರುವರ್ಷ ಶೋಯೆಬ್ ಮನ್ಸೂರ್ ನಿರ್ಮಿಸಿದ ‘ಮ್ಯೂಸಿಕ್ 89’ ಕಾರ್ಯಕ್ರಮವನ್ನು ಅಕ್ಕ-ತಮ್ಮ ನಿರೂಪಿಸಿದರು. ‘ವೈಟಲ್ ಸೈನ್ಸ್’ನಂಥ ಹೊಸ ಹುಡುಗರ ತಂಡಗಳಿಗೆ ಅದು ವೇದಿಕೆಯಾಯಿತು. ಈಚೆ ಭಾರತದಲ್ಲಿ ಇದೇ ಬಿದ್ದು 1995ರಲ್ಲಿ ಅಲೀಶಾ ಚಿನಾಯ್ ಅವರಿಂದ ‘ಮೇಡ್ ಇನ್ ಇಂಡಿಯಾ’ ಹಾಡಿಸಿದರು. ಸಿನಿಮಾದ ಹಂಗಿಲ್ಲದೆ ಗಾಯಕಿಯೊಬ್ಬಳು ತನ್ನದೇ ಹೆಸರಿನಲ್ಲಿ ಮನೆಮಾತಾಗಬಹುದೆಂಬುದನ್ನು ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ನಾಜಿಯಾ ತೋರಿಸಿಕೊಟ್ಟಿದ್ದರು.

ಅಭಿಮಾನಿಯಾದವರು ಒಪ್ಪಲೇಬೇಕಾದ ಮಾತೂ ಇದೆ. ಎಲ್ಲ ಹಾಡುಗಳೂ ‘ಆಪ್ ಜೈಸಾ ಕೋಯಿ’ಯ ಮಟ್ಟದವಲ್ಲ. ‘ಬೂಮ್ ಬೂಮ್’ನಲ್ಲಿ ತಾಳವಿದ್ದಷ್ಟು ಅರ್ಥವಿಲ್ಲ. 1987ರ ‘ಹಾಟ್‌ಲೈನ್’ ವೇಳೆಗೆ ಗಾಯಕಿ ಬೆಳೆದಿದ್ದರು, ಹಾಡುಗಳು ಬೆಳೆದಿರಲಿಲ್ಲ. ಇಪ್ಪತ್ತೆರಡರ ಹೆಣ್ಣಿನಿಂದಲೂ ಜನ ಕೇಳಬಯಸಿದ್ದು ಹದಿನೈದರ ಹುಡುಗಿಯನ್ನೇ. ‘ಮುಗ್ಧ ಮುಖ’ವೆಂಬ ಹೊಗಳಿಕೆ ಅವರನ್ನು ಕಟ್ಟಿಹಾಕಿದ್ದು ಇಲ್ಲಿ.

ಇದು ನಮ್ಮ ಮನೆಗಳಿಗೆ ದೂರದ ಮಾತಲ್ಲ. ಗಲ್ಫ್‌ನಿಂದ ಬಂದ ಟೇಪ್ ರೆಕಾರ್ಡರಿನಲ್ಲಿ ಈ ಕ್ಯಾಸೆಟ್ಟುಗಳನ್ನು ಕೇಳಿಸಿದವರು ನನ್ನ ಖಾಲಾ. ಜೊತೆಗೆ ತಾವೂ ಗುನುಗುತ್ತಿದ್ದರು. ಬಾಗಿಲಲ್ಲಿ ಯಾರಾದರೂ ಬಂದರೆ ಟೇಪ್ ಹಾಡುತ್ತಲೇ ಇರುತ್ತಿತ್ತು, ಖಾಲಾ ಮಾತ್ರ ನಿಲ್ಲಿಸುತ್ತಿದ್ದರು. ಪುಟ್ಟ ಹುಡುಗಿ ನಾತ್ ಹಾಡಿದರೆ ಮೆಚ್ಚಿ ತಲೆ ಸವರುವ ನಾವೇ, ಅವಳು ದೊಡ್ಡವಳಾದ ಮೇಲೆ ಸಾಕು ಎನ್ನುತ್ತೇವೆ. ಹೆಣ್ಣಿನ ದನಿಗೆ ಮುಗ್ಧತೆ ಇರುವವರೆಗೆ ಮಾತ್ರ ಪರವಾನಗಿ. ನಾಜಿಯಾರ ಅಭಿಮಾನಿಗಳೂ ತಿಳಿಯದೆ ಇದೇ ಪರವಾನಗಿಗೆ ಸಹಿ ಹಾಕುತ್ತಾರೆ.

ನಾಜಿಯಾ ಕಾನೂನು ಓದಿದರು, ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು, ತಾಯಿಯಾದರು. ಶ್ವಾಸಕೋಶದ ಕ್ಯಾನ್ಸರ್‌ನಿಂದ 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು. 2012ರಲ್ಲಿ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರ ‘ಡಿಸ್ಕೋ ದೀವಾನೆ’ಯನ್ನು ಹೊಸದಾಗಿ ಬಳಸಿಕೊಂಡಾಗ ಅವರ ದನಿಯನ್ನೂ ಉಳಿಸಿಕೊಂಡಿತು. ಸುತ್ತಲಿನ ಅಬ್ಬರದ ನಡುವೆ ಆ ದನಿ ಇಂದಿಗೂ ಬೇರೆಯಾಗಿಯೇ ಕೇಳುತ್ತದೆ. ಅದನ್ನು ಮುದ್ದು ಮಾಡುವುದು, ಅದಕ್ಕಾಗಿ ಮರುಗುವುದು ಸುಲಭ. ಬೆಳೆದ ಹೆಣ್ಣೊಬ್ಬಳ ಮಾತನ್ನು ಕೇಳುವಂತೆ ಕೇಳುವುದು ಕಷ್ಟ. ಅವರಿಗೆ ಸಲ್ಲಬೇಕಾದ ಅಭಿಮಾನ ಆ ಎರಡನೆಯದು.