ಮಾತಾಡದ ಹುಡುಗಿ

ಅಮೆರಿಕದ ಲೇಖಕಿ ಮ್ಯಾಕ್ಸೀನ್ ಹಾಂಗ್ ಕಿಂಗ್‌ಸ್ಟನ್ ಅವರ ‘ದಿ ವುಮನ್ ವಾರಿಯರ್’ 1976ರಲ್ಲಿ ಪ್ರಕಟವಾದ ಆತ್ಮಕಥನ. ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ನಿನಲ್ಲಿ ಲಾಂಡ್ರಿ ನಡೆಸುತ್ತಿದ್ದ ಚೀನೀ ದಂಪತಿಗಳ ಮಗಳು ಇಲ್ಲಿ ತನ್ನ ಬಾಲ್ಯವನ್ನು ಹೇಳಿಕೊಂಡಿದ್ದಾಳೆ. ಈ ಪುಸ್ತಕವೆಂದೊಡನೆ ಪುರುಷವೇಷದಲ್ಲಿ ದಂಡಿಗೆ ಹೋದ ವೀರಕನ್ಯೆ ಮೂಲನ್‌ಳ ಪ್ರಸಂಗ ನೆನಪಾಗುವುದು ಸಹಜ. ಆದರೆ ಕೃತಿಯ ಜೀವವಿರುವುದು ಕೊನೆಯ ಅಧ್ಯಾಯದ ಶಾಲೆಯಲ್ಲಿ ಎಂದು ನನ್ನ ಅಭಿಪ್ರಾಯ.

ಇಂಗ್ಲಿಷ್ ಶಾಲೆಗೆ ಕಾಲಿಟ್ಟೊಡನೆ ಈ ಹುಡುಗಿಯ ಬಾಯಿ ಕಟ್ಟುತ್ತದೆ. ತಾನು ಬರೆದ ಚಿತ್ರಗಳ ಮೇಲೆಲ್ಲ ಅವಳು ಕಪ್ಪು ಬಣ್ಣ ಬಳಿಯುತ್ತಾಳೆ. ಉಪಾಧ್ಯಾಯರು ಗಾಬರಿಗೊಂಡು ತಾಯಿತಂದೆಯರನ್ನು ಕರೆಸುತ್ತಾರೆ. ಅವಳಿಗೋ ಅದು ನಾಟಕದ ಪರದೆ. ಇನ್ನೇನು ಮೇಲೇಳಲಿದೆ, ಅದರ ಹಿಂದೆ ಬೇಕಾದಷ್ಟು ಬೆಳಕಿದೆ. ಮಾತಾಡದ ಈ ಮಗುವಿನ ಬುದ್ಧಿಗೆ ಶಾಲೆ ಕೊಟ್ಟ ಅಂಕ ಸೊನ್ನೆ. ಸಂಜೆಯ ಚೀನೀ ಶಾಲೆಯಲ್ಲಿಯಾದರೋ ಇದೇ ಹುಡುಗಿಯರು ಒಟ್ಟಾಗಿ ಗಟ್ಟಿಯಾಗಿ ಪಾಠ ಒಪ್ಪಿಸುತ್ತಾರೆ, ಕೂಗಾಡಿ ಆಡುತ್ತಾರೆ. ಮೌನ ಹುಟ್ಟುಗುಣವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮನೆಯ ಕಡೆಯವರಾದರೂ ಆಸರೆಯಾದರೆ? ಅದೂ ಇಲ್ಲ. ಹೆಣ್ಣನ್ನು ಅಕ್ಕಿಯ ಹುಳುವಿಗೆ ಹೋಲಿಸುವ ಗಾದೆಗಳು ಅಲ್ಲಿ ಕಿವಿಗೆ ಬೀಳುತ್ತಿರುತ್ತವೆ. ಶನಿವಾರ ಪೇಟೆಗೆ ಹೊರಡುವ, ಅಜ್ಜನ ವರಸೆಯ ಬಂಧು ಗಂಡುಮಕ್ಕಳನ್ನು ಮಾತ್ರ ಕರೆದೊಯ್ಯುತ್ತಾನೆ.

ಈ ಎರಡರ ಫಲ ಆರನೆಯ ತರಗತಿಯಲ್ಲಿ ಕಾಣುತ್ತದೆ. ಶಾಲೆ ಬಿಟ್ಟ ಮೇಲೆ ಅವಳು ತನಗಿಂತಲೂ ಮೌನಿಯಾದ ಮತ್ತೊಬ್ಬ ಚೀನೀ ಹುಡುಗಿಯನ್ನು ಏಕಾಂತದಲ್ಲಿ ತಡೆದು, ಕೆನ್ನೆ ಹಿಂಡಿ, ಕೂದಲೆಳೆದು, ಒಂದು ಮಾತಾದರೂ ಆಡೆಂದು ಪೀಡಿಸುತ್ತಾಳೆ. ಆ ಹುಡುಗಿ ಅಳುತ್ತಾಳೆ, ಮಾತಾಡುವುದಿಲ್ಲ. ಪೀಡಿಸಿದವಳೂ ಅಳುತ್ತಾಳೆ, ಆಮೇಲೆ ಹದಿನೆಂಟು ತಿಂಗಳು ಹೆಸರಿಲ್ಲದ ಕಾಯಿಲೆಯಿಂದ ಹಾಸಿಗೆ ಹಿಡಿಯುತ್ತಾಳೆ. ಅವಳು ಹಿಂಡಿದ್ದು ತನ್ನ ಕೆನ್ನೆಯನ್ನೇ. ಪೂರ್ವಗ್ರಹ ಹೊರಗಿನವರ ಕಣ್ಣಿನಲ್ಲಿರುವಷ್ಟು ಕಾಲ ಅದನ್ನು ದ್ವೇಷಿಸಬಹುದು. ಮಗುವಿನ ಕೈಗೇ ಇಳಿದ ಮೇಲೆ ಏನು ಮಾಡುವುದು? ಅಧ್ಯಾಪಕನಾದ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ ಇದು.

ಕಿಂಗ್‌ಸ್ಟನ್ ಚೀನೀ ಐತಿಹ್ಯಗಳನ್ನು ಕೆಡಿಸಿ ಬಿಳಿಯ ಓದುಗರನ್ನು ಮೆಚ್ಚಿಸಿದರೆಂದು ಚೀನೀ ಮೂಲದವರೇ ಆದ ಫ್ರ್ಯಾಂಕ್ ಚಿನ್ 1991ರಲ್ಲಿ ಕಟುವಾಗಿ ಆಕ್ಷೇಪಿಸಿದರು. ಬೆನ್ನ ಮೇಲೆ ಅಕ್ಷರ ಕೊರೆಸಿಕೊಂಡ ಕಥೆ ಸೇನಾನಿ ಯುವೆ ಫೇಯದು, ಮೂಲನ್‌ಳದಲ್ಲ ಎಂಬುದು ನಿಜ. ಐತಿಹ್ಯವೆಲ್ಲಿ ಮುಗಿಯಿತು, ಹುಡುಗಿಯ ಕಲ್ಪನೆ ಎಲ್ಲಿ ಮೊದಲಾಯಿತು ಎಂಬುದು ಹೊರಗಿನ ಓದುಗನಿಗೆ ತಿಳಿಯದೆಹೋಗುವುದು ಕೃತಿಯ ದೋಷವೇ ಸರಿ. ಅಲ್ಪಸಂಖ್ಯಾತರ ಮನೆಯ ಹುಳುಕು ಹೊರಬಿದ್ದರೆ ದ್ವೇಷಿಸುವವರಿಗೆ ಹಬ್ಬವೆಂಬ ಆತಂಕವನ್ನೂ ತಳ್ಳಿಹಾಕಲಾಗದು.

ಆದರೂ ಮೆಚ್ಚಿಸುವುದಕ್ಕೆಂದೇ ಬರೆದವರು ಮನೆಯನ್ನಷ್ಟೇ ದೂರಿ ಸುಮ್ಮನಾಗುತ್ತಿದ್ದರು. ಈ ಲೇಖಕಿ ಶಾಲೆಯನ್ನೂ ಬಿಟ್ಟಿಲ್ಲ, ತನ್ನನ್ನೂ ಬಿಟ್ಟಿಲ್ಲ. ಮಕ್ಕಳಿಗೆ ಅಂಕ ಕೊಡುವ ಕೆಲಸದಲ್ಲಿರುವ ನಮ್ಮಂಥವರು ಓದಲೇಬೇಕಾದ ಪುಸ್ತಕವಿದು.